ದಾರಿಯ ಮಕ್ಕಳ ಊರು ಲೋಂಡಾ

ಟಿಳಕವಾಡಿಯಲ್ಲಿ ಬದುಕುವ ನಾವು ಆಯುಷ್ಯದ ಒಂದು ಪಾಲನ್ನು ರೈಲ್ವೆ ಗೇಟುಗಳ ಮುಂದೆ ಕಳೆದವರು. ಒಂದನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂದು ಎಣಿಸಿಯೇ ಇಲ್ಲಿ ವಿಳಾಸ ಹೇಳುವುದು ರೂಢಿ. ಮೂರನೆಯ ಗೇಟಿಗೆ ಈಗ ಮೇಲ್ಸೇತುವೆ ಬಂದಿದೆ. ಆದರೂ ಗೇಟು ಬಿದ್ದಾಗ ಶಾಲೆಯ ಮಕ್ಕಳು, ರಿಕ್ಷಾದವರು, ಕಾಯಿಪಲ್ಲೆ ಮಾರುವವರು, ದೊಡ್ಡ ಕಾರಿನ ಸಾಹುಕಾರರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಕಾಯುತ್ತಿದ್ದ ಚಿತ್ರ ನಮ್ಮ ಕಣ್ಣಿಂದ ಮರೆಯಾಗಿಲ್ಲ. ನಮ್ಮೆದುರು ದಡದಡನೆ ಹಾಯ್ದು ದಕ್ಷಿಣಕ್ಕೆ ಹೋಗುವ ಗಾಡಿ ದೇಸೂರು, ಇದಲಹೊಂಡ, ಖಾನಾಪುರ, ಗುಂಜಿಗಳನ್ನು ದಾಟಿ ಸುಮಾರು 50 ಕಿಲೋಮೀಟರು ದೂರದ ಒಂದು ನಿಲ್ದಾಣ ಸೇರುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿದರೆ ಧಾರವಾಡ, ಹುಬ್ಬಳ್ಳಿ. ಬಲಕ್ಕೆ ಹೊರಳಿದರೆ ಗೋವೆ. ಖಾನಾಪುರ ತಾಲೂಕಿನ ಕಾಡಿನ ನಡುವಿರುವ ಆ ಊರಿನ ಹೆಸರು ಲೋಂಡಾ.

ಲೋಂಡಾದ ಹೆಸರು ಕೇಳದ ರೈಲು ಪ್ರಯಾಣಿಕರು ನಮ್ಮ ಭಾಗದಲ್ಲಿ ಕಡಿಮೆ. ಆದರೆ ಅವರಲ್ಲಿ ಬಹುಪಾಲು ಜನ ಆ ಊರನ್ನು ನೋಡಿಲ್ಲ; ಅದರ ಪ್ಲಾಟ್‌ಫಾರ್ಮನ್ನು ಮಾತ್ರ ನೋಡಿದ್ದಾರೆ. ನಡುರಾತ್ರಿ ಗಾಡಿ ಬದಲಿಸುವಾಗ ಕುಡಿದ ಚಹಾ, ಮಳೆಯಲ್ಲಿ ತೊಯ್ದ ಹಾಸಿಗೆ ಸುರುಳಿ, ತಡವಾಗಿ ಬಂದ ಗಾಡಿ ಇವೇ ಅವರ ಪಾಲಿನ ಲೋಂಡಾ. ಎಲ್ಲರೂ ಹಾಯ್ದು ಹೋಗುವ ಇಂಥ ಊರಿಗೆ ಚರಿತ್ರೆ ಇರುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಕೋಟೆಯಿರುವ ಊರಿಗೆ ಚರಿತ್ರೆ ಇದೆ, ಗುಡಿ, ದರ್ಗಾ ಇರುವ ಊರಿಗೆ ಪುರಾಣ ಇದೆ. ಕೂಡುದಾರಿಯ ಊರಿಗೆ ಇರುವುದು ವೇಳಾಪಟ್ಟಿ ಮಾತ್ರ.

ಕೂಡುದಾರಿಯ ಊರು ಎಂದಾಗ ನಮಗೆ ನೆನಪಾಗುವುದು ಮರುಭೂಮಿ. ಉರ್ದು ಶಾಲೆಯಲ್ಲಿ ಕಲಿತವರ ಕಿವಿಯಲ್ಲಿ ಕಾಫಿಲಾ, ಮಂಜಿಲ್, ಸರಾಯಿ, ಮುಸಾಫಿರ್ ಎಂಬ ಮಾತುಗಳು ಮರಳಿನ ಸದ್ದಿನೊಂದಿಗೇ ಕೇಳಿಸುತ್ತವೆ. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1352ರಲ್ಲಿ ಸಹಾರಾ ಮರುಭೂಮಿಯನ್ನು ದಾಟುವಾಗ ತಗಾಜಾ ಎಂಬ ಪುಟ್ಟ ಊರಿನಲ್ಲಿ ಇಳಿದುಕೊಂಡಿದ್ದ. ಆ ಊರಲ್ಲಿ ಒಂದು ಮರವಿಲ್ಲ. ಮನೆಗಳನ್ನೂ ಮಸೀದಿಯನ್ನೂ ಉಪ್ಪಿನ ಗಟ್ಟಿಗಳಿಂದ ಕಟ್ಟಿ, ಒಂಟೆಯ ಚರ್ಮ ಹೊದಿಸಿದ್ದರಂತೆ. ಉಪ್ಪು ಅಗೆಯುವ ಗುಲಾಮರಿಗೆ ಖರ್ಜೂರ ಉತ್ತರದಿಂದ ಬರಬೇಕು, ಧಾನ್ಯ ದಕ್ಷಿಣದಿಂದ ಬರಬೇಕು. ಕುಡಿಯುವ ನೀರು ಉಪ್ಪುಪ್ಪು. ಅಂಥ ಊರಿನಲ್ಲಿ ಕಾಫಿಲಾಗಳು ಮುಂದಿನ ದಾರಿಗೆ ನೀರು ತುಂಬಿಕೊಂಡು, ಉಪ್ಪು ಹೇರಿಕೊಂಡು ಹೋಗುತ್ತಿದ್ದವು. ಸುತ್ತಲಿನ ರಾಜ್ಯಗಳೆಲ್ಲ ಆ ಉಪ್ಪಿನಿಂದ ಶ್ರೀಮಂತವಾದವು, ಅಗೆದವರು ಬಡವರಾಗಿಯೇ ಉಳಿದರು. 16ನೆಯ ಶತಮಾನದ ಕೊನೆಗೆ ದಾರಿ ಬೇರೆ ಕಡೆ ತಿರುಗಿತು. ತಗಾಜಾ ಹಾಳು ಬಿತ್ತು.

ಅದೇ ಇಬ್ನ್ ಬತೂತ ಸಹಾರಾಕ್ಕೆ ಹೋಗುವ ಮೊದಲು, 1340ರ ದಶಕದಲ್ಲಿ, ನಮ್ಮ ಹೊನ್ನಾವರಕ್ಕೂ ಗೋವೆಗೂ ಬಂದಿದ್ದವನು. ಗೋವೆಯ ಕಡಲಿನಿಂದ ಉಪ್ಪು ಹೇರಿದ ಎತ್ತುಗಳು ಘಟ್ಟ ಹತ್ತಿ ಬರುತ್ತಿದ್ದ ಸೀಮೆಯೇ ನಮ್ಮ ಖಾನಾಪುರ. ಮರಳಿನ ಬದಲು ಇಲ್ಲಿ ಕಾಡು, ಬಿಸಿಲಿನ ಬದಲು ನಾಲ್ಕು ತಿಂಗಳು ಬಿಡದೆ ಹೊಡೆಯುವ ಮಳೆ. ಆದರೆ ದಾರಿಯನ್ನು ನಂಬಿ ಬದುಕುವವರ ಕಷ್ಟ ಎರಡೂ ಕಡೆ ಒಂದೇ ಬಗೆಯದು.

ಖಾನಾಪುರದ ನೆಲವೇ ಒಂದು ಕೂಡುದಾರಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವೆಯ ಮಾಂಡೋವಿಯಾಗುತ್ತಾಳೆ. ನೀರು ಹೋದಲ್ಲಿ ಮನುಷ್ಯರೂ ಹೋದರು. ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕಾ, ಅಂದರೆ ಇಂದಿನ ಹಲಸಿ, ಈ ತಾಲೂಕಿನಲ್ಲಿದೆ. ಅಲ್ಲಿ ಸಿಕ್ಕ ತಾಮ್ರಪಟಗಳು ಜೈನ ಬಸದಿಗಳಿಗೆ ಕೊಟ್ಟ ದಾನವನ್ನು ಹೇಳುತ್ತವೆ. ಮುಂದೆ ಗೋವೆಯ ಕದಂಬರು ಅದೇ ಊರಿನಲ್ಲಿ ಭೂವರಾಹ ನರಸಿಂಹನ ಗುಡಿ ಕಟ್ಟಿಸಿದರು. ಕಡಲನ್ನೂ ಬಯಲುಸೀಮೆಯನ್ನೂ ಆಳಬೇಕೆಂದವರು ಈ ಘಟ್ಟದ ಬಾಗಿಲನ್ನು ಹಿಡಿದುಕೊಳ್ಳಲೇಬೇಕಿತ್ತು. ನಂದಗಡ ಗೋವೆಯ ಕಡೆಯ ವ್ಯಾಪಾರಕ್ಕೆ ಹೆಸರಾದ ಪೇಟೆಯಾಗಿತ್ತು. 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅದೇ ನಂದಗಡದಲ್ಲಿ.

ಈ ದಾರಿ ಹತ್ತಿ ಬಂದವರೆಲ್ಲ ವ್ಯಾಪಾರಕ್ಕೇ ಬಂದವರಲ್ಲ. ಪೋರ್ತುಗೀಜರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರಲ್ಲಿ ಎಷ್ಟೋ ಜನ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿಯವರೇ ಸಿದ್ದಿಗಳು. ಖಾನಾಪುರ, ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಅವರಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿದ್ದು 2003ರಲ್ಲಿ. ಜಿಲ್ಲೆಯ ಗಡಿಯ ಈಚೆಗಿದ್ದ ಬೆಳಗಾವಿ, ಧಾರವಾಡದ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಕಾಡಿಗೆ ಗೊತ್ತಿಲ್ಲದ ಗೆರೆ ಕಾಗದದ ಮೇಲೆ ಎಷ್ಟು ದಪ್ಪವಾಗಿರುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಇಂಥ ಹಳೆಯ ದಾರಿಗಳ ಸೀಮೆಯಲ್ಲಿ ಲೋಂಡಾವನ್ನು ದೊಡ್ಡ ಹೆಸರಾಗಿಸಿದ್ದು ರೈಲು. ಆ ರೈಲಿನ ಹಿಂದೆ ಒಂದು ಬರಗಾಲ ಮತ್ತು ಒಂದು ಒಪ್ಪಂದ ಇವೆ. 1876ರಿಂದ 1878ರವರೆಗಿನ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ಧಾನ್ಯ ಇದ್ದಲ್ಲಿಂದ ಇಲ್ಲದಲ್ಲಿಗೆ ಸಾಗಿಸುವ ದಾರಿಯಿಲ್ಲದೆ ಜನ ಸತ್ತರು. ಬರದಿಂದ ಕಾಪಾಡುವ ರೈಲು ಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲಿ ಎದ್ದು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಇನ್ನೊಂದು ಕಡೆ, 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ತುಗೀಜರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂ ಕಡೆಯ ಸುಂಕದ ಗಡಿ ತೆಗೆದುಹಾಕುವುದು, ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಹಾಕುವುದು, ಅದಕ್ಕೆ ಬದಲಾಗಿ ಗೋವೆಯ ಉಪ್ಪಿನ ಮೇಲೆ ಬ್ರಿಟಿಷರಿಗೆ ಹಿಡಿತ ಕೊಡುವುದು ಅದರ ತಿರುಳು. ಬರದ ನೆನಪೂ ಉಪ್ಪಿನ ಲೆಕ್ಕವೂ ಸೇರಿ ಕಾಡಿನೊಳಗೆ ಕಬ್ಬಿಣದ ದಾರಿಯನ್ನು ಎಳೆದು ತಂದವು.

1880ರ ದಶಕ ಮುಗಿಯುವ ಹೊತ್ತಿಗೆ ಮೀಟರ್ ಗೇಜಿನ ಹಳಿಗಳು ಕೆಳಗಿನಿಂದಲೂ ಮೇಲಿನಿಂದಲೂ ಬಂದು ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಂವರೆಗಿನ ಸುಮಾರು 26 ಕಿಲೋಮೀಟರು ದಾರಿ ದೂಧಸಾಗರ ಜಲಪಾತದ ಎದುರಿನಿಂದಲೇ ಇಳಿಯುತ್ತದೆ. 37 ಅಡಿ ಹೋದರೆ ಒಂದು ಅಡಿ ಏರು. ಸುರಂಗ ಕೊರೆದವರು, ಕಲ್ಲು ಒಡೆದವರು, ಮಳೆಗಾಲದ ಚಳಿಜ್ವರದಲ್ಲಿ ನರಳಿದವರು ಯಾರೆಂದು ಯಾವ ಫಲಕದಲ್ಲೂ ಬರೆದಿಲ್ಲ. ಬಂಡವಾಳ ಹಾಕಿದವರಿಗೆ ಬಡ್ಡಿಯ ಖಾತರಿ ಕೊಟ್ಟದ್ದು ಮಾತ್ರ ಆ ಕಂಪನಿಯ ಹೆಸರಿನಲ್ಲೇ ಸೇರಿತ್ತು. ಅದರ ಹೆಸರು ವೆಸ್ಟ್ ಆಫ್ ಇಂಡಿಯಾ ಪೋರ್ತುಗೀಸ್ ಗ್ಯಾರಂಟೀಡ್ ರೈಲ್ವೆ.

ಗೋವೆಯ ಕಡೆಯ ಈ ಹಳಿಯೂ, ಪುಣೆ, ಮೀರಜ, ಬೆಳಗಾವಿಗಳ ಕಡೆಯಿಂದ ಬಂದ ಹಳಿಯೂ, ಹುಬ್ಬಳ್ಳಿಯ ಹಳಿಯೂ ಸೇರಿದ ಜಾಗವೇ ಲೋಂಡಾ ಜಂಕ್ಷನ್. ಮರುಭೂಮಿಯ ಊರಿಗೂ ಇದಕ್ಕೂ ಹೋಲಿಕೆ ಇಲ್ಲಿದೆ. ಉಗಿಬಂಡಿ ಒಂಟೆಗಿಂತ ಬಾಯಾರಿದ ಪ್ರಾಣಿ. ಅದಕ್ಕೆ ದಾರಿಯುದ್ದಕ್ಕೂ ನೀರು ಬೇಕು, ಕಲ್ಲಿದ್ದಲು ಬೇಕು. ಘಟ್ಟ ಇಳಿಯುವ ಮೊದಲು ಎಂಜಿನ್ನು, ಬ್ರೇಕು ಎಲ್ಲವನ್ನೂ ನೋಡಬೇಕು. ಡ್ರೈವರ್, ಫೈರ್‌ಮನ್, ಗಾರ್ಡು ದಣಿದರೆ ಬೇರೆಯವರು ತಯಾರಿರಬೇಕು. ಬೆಳಗಾವಿಯಿಂದ ಗೋವೆಗೆ ಹೋಗುವ ಗಾಡಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ಹಳಿಗಳು ಕೂಡಿರುವ ರೀತಿಯಿಂದಾಗಿ ಗಾಡಿ ಬಂದ ದಿಕ್ಕಿಗೇ ಹಿಂತಿರುಗಿ ಹೊರಡಬೇಕು. ಎಂಜಿನ್ನನ್ನು ಒಂದು ತುದಿಯಿಂದ ಕಳಚಿ ಇನ್ನೊಂದು ತುದಿಗೆ ಕಟ್ಟಬೇಕು. ಗಾಡಿಯಲ್ಲಿ ಹುಟ್ಟಿ ಬೆಳೆದವರಂತೆ ಮಲಗಿದ್ದವರೂ ಆಗ ಎಚ್ಚರಾಗಿ, ಬಂದ ಕಡೆಗೇ ಹೋಗುತ್ತಿದ್ದೇವೆಯೇ ಎಂದು ಗಾಬರಿಯಾಗುತ್ತಾರೆ.

ಈ ಕೆಲಸಗಳಿಗೆಲ್ಲ ಜನ ಬೇಕು. ಜನ ಬಂದರು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಬೆಜವಾಡದಿಂದ ಪುಣೆಯವರೆಗೆ ಹರಡಿದ ಕಂಪನಿಯಲ್ಲಿ ತೆಲುಗಿನವನು ಲೋಂಡಾಕ್ಕೆ, ಮರಾಠಿಯವನು ಗುಂತಕಲ್ಲಿಗೆ ವರ್ಗವಾಗುವುದು ಸಾಮಾನ್ಯವಾಯಿತು. ಸುತ್ತಲಿನ ಹಳ್ಳಿಗಳ ಮರಾಠಿ, ಗೋವೆಯಿಂದ ಬಂದ ಕೊಂಕಣಿ, ಧಾರವಾಡದ ಕಡೆಯ ಕನ್ನಡ, ನಮ್ಮ ದಖನಿ ಉರ್ದು ಇವೆಲ್ಲ ಒಂದೇ ನಲ್ಲಿಯ ಮುಂದೆ ಕೂಡಿದವು. ನಾಗರಗಾಳಿ, ಅಳ್ನಾವರದ ಕಾಡಿನಿಂದ ಮರಮಟ್ಟು, ಬಿದಿರು ಬಂದಂತೆ ಅದನ್ನು ಕಡಿಯುವವರು, ಹೊರುವವರು, ಲೆಕ್ಕ ಬರೆಯುವವರು ಬಂದರು. ಒಂದು ಮನೆಯ ಒಲೆಯ ಮೇಲೆ ಎಷ್ಟು ಭಾಷೆಯ ಅಡುಗೆ ಬೇಯುತ್ತದೆ ಎಂದು ಎಣಿಸುವುದು ಇಂಥ ಊರಿನಲ್ಲಿ ಕಷ್ಟ.

ಆದರೆ ಇದನ್ನು ಸೌಹಾರ್ದದ ಸ್ವರ್ಗವೆಂದು ಬಣ್ಣಿಸಿದರೆ ಚರಿತ್ರೆಗೆ ಮೋಸ ಮಾಡಿದಂತಾಗುತ್ತದೆ. ರೈಲ್ವೆ ಕಾಲೊನಿಗಳನ್ನು ಕಟ್ಟಿದ್ದೇ ದರ್ಜೆಯ ಮೇಲೆ. ಸಾಹೇಬರಿಗೆ ಬಂಗಲೆ, ಗುಮಾಸ್ತರಿಗೆ ಸಾಲುಮನೆ, ಗ್ಯಾಂಗಿನವರಿಗೆ ಒಂದೇ ಕೋಣೆ. ವಸಾಹತು ಕಾಲದಲ್ಲಿ ದೇಶದ ಅನೇಕ ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಎಂದು ಬೇರೆ ಬೇರೆ ಕೊಡಗಳಿದ್ದವು. ಒಂದೇ ಬಾವಿಯ ನೀರು ಕೊಡಕ್ಕೆ ಬಿದ್ದೊಡನೆ ಧರ್ಮ ಹಿಡಿಯುತ್ತಿತ್ತು. ದಲಿತರಿಗೆ ಎರಡೂ ಕೊಡ ದೂರವೇ. 1924ರ ಡಿಸೆಂಬರಿನಲ್ಲಿ ನಮ್ಮ ಟಿಳಕವಾಡಿಯ ಬಯಲಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಹುಬ್ಬಳ್ಳಿ, ಧಾರವಾಡದ ಕಡೆಯಿಂದ ರೈಲಿನಲ್ಲಿ ಬಂದ ಪ್ರತಿನಿಧಿಗಳು ಲೋಂಡಾ ದಾಟಿಯೇ ಬರಬೇಕಿತ್ತು. ಹಿಂದೂ-ಮುಸ್ಲಿಂ ಐಕ್ಯ, ಅಸ್ಪೃಶ್ಯತೆಯ ನಿವಾರಣೆ ಅಂದು ಗಾಂಧೀಜಿಯವರ ಮುಖ್ಯ ಕಾಳಜಿಗಳಾಗಿದ್ದವು. ಐಕ್ಯದ ಮಾತು ಕೇಳಲು ಹೊರಟವರನ್ನು ದೇಶದ ಎಷ್ಟೋ ಪ್ಲಾಟ್‌ಫಾರ್ಮುಗಳಲ್ಲಿ ಎದುರುಗೊಂಡದ್ದು ಅಂಥ ಕೊಡಗಳೇ. ಅಷ್ಟಾದರೂ ಗಾಡಿಯ ಡಬ್ಬಿಯೊಳಗೆ ತೊಡೆಗೆ ತೊಡೆ ತಾಗಿಸಿ ಕೂರಬೇಕಾದ ಅನಿವಾರ್ಯ ಒಂದಿತ್ತು. ಕೂಡುದಾರಿಗಳು ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತವೆ ಎಂದಲ್ಲ. ಒಬ್ಬರನ್ನೊಬ್ಬರು ನೋಡದೆ ಇರುವುದನ್ನು ಕಷ್ಟವಾಗಿಸುತ್ತವೆ.

ದಾರಿಯ ಊರಿನ ಅದೃಷ್ಟವನ್ನು ಬರೆಯುವವರು ದೂರದಲ್ಲಿರುತ್ತಾರೆ. 1892ರಲ್ಲಿ ಆಂಗ್ಲ-ಪೋರ್ತುಗೀಜ್ ಒಪ್ಪಂದ ಮುಗಿದುಹೋಗಿ ಸುಂಕದ ಗಡಿ ಮತ್ತೆ ಎದ್ದಿತು. ಕ್ಯಾಸಲ್‌ರಾಕ್ ಗಡಿ ನಿಲ್ದಾಣವಾಯಿತು. ದುಡಿಮೆ ಹುಡುಕಿ ಮುಂಬೈಗೆ ಹೊರಟ ಗೋವೆಯ ಅಡಿಗೆಯವರು, ವಾದ್ಯಗಾರರು, ಆಯಾಗಳು ತಮ್ಮ ಪೆಟ್ಟಿಗೆ ಬಿಚ್ಚಿ ತೋರಿಸಿ, ಮತ್ತೆ ಕಟ್ಟಿಕೊಂಡು ಲೋಂಡಾ ಮಾರ್ಗವಾಗಿ ಪುಣೆಗೆ ಹೋಗುತ್ತಿದ್ದರು. ದೇಶ ಸ್ವತಂತ್ರವಾದ ಮೇಲೂ ಗೋವೆ ಪೋರ್ತುಗೀಜರ ಕೈಯಲ್ಲೇ ಉಳಿಯಿತು. 1955ರ ಆಗಸ್ಟ್ 15ರಂದು ಗೋವೆಯೊಳಗೆ ನಡೆದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜ್ ಪಡೆ ಗುಂಡು ಹಾರಿಸಿತು. ಅದರ ಬೆನ್ನಿಗೇ ಗಡಿ ದಾಟುವ ರೈಲು ನಿಂತಿತು. ಮೂರು ದಾರಿಯ ಜಂಕ್ಷನ್ನಿನಲ್ಲಿ ಒಂದು ದಾರಿ ಆರು ವರ್ಷ ಮುಚ್ಚಿಹೋಯಿತು. ಆ ಹಳಿಗಳಾಚೆ ಮಗಳನ್ನು ಕೊಟ್ಟ ತಾಯಂದಿರು, ಈಚೆ ಸಾಲ ಬಿಟ್ಟುಹೋದ ವ್ಯಾಪಾರಿಗಳು ಎಷ್ಟು ಜನರೋ. 1961ರ ಡಿಸೆಂಬರಿನಲ್ಲಿ ಭಾರತೀಯ ಸೇನೆ ಬೆಳಗಾವಿಯ ಸುತ್ತ ಜಮಾಯಿಸಿ ಗೋವೆಗೆ ಇಳಿಯಿತು. ಡಿಸೆಂಬರ್ 19ರ ಹೊತ್ತಿಗೆ ಗೋವೆ ಬಿಡುಗಡೆಯಾಯಿತು. ಆಮೇಲೆ ದಾರಿ ಮತ್ತೆ ತೆರೆಯಿತು.

ಇದರ ನಡುವೆ ಇನ್ನೊಂದು ಗೆರೆ ಬಿದ್ದಿತ್ತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ವಿವಾದ ಎದ್ದಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, ಬೆಳಗಾವಿ ನಗರ ಇಲ್ಲೇ ಉಳಿಯಲಿ, ನಿಪ್ಪಾಣಿ, ಖಾನಾಪುರ, ನಂದಗಡದಂಥ ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಗಡಿಯ ಚಳವಳಿ ಕಾವೇರಿದಾಗಲೆಲ್ಲ ಟಿಳಕವಾಡಿಯ ಅಂಗಡಿಗಳ ಫಲಕಗಳಿಗೆ ಮಸಿ ಬೀಳುವುದನ್ನು ನಾವು ನೋಡಿದ್ದೇವೆ. ಆಗೆಲ್ಲ ಒಂದು ಪ್ರಶ್ನೆ ಗಾಳಿಯಲ್ಲಿರುತ್ತದೆ: ನೀವು ಮೂಲತಃ ಯಾರು, ಎಲ್ಲಿಯವರು?

ನಮ್ಮಂಥವರಿಗೆ ಈ ಪ್ರಶ್ನೆ ಎರಡು ಸಲ ಬರುತ್ತದೆ. ಕನ್ನಡದಲ್ಲಿ ಕಥೆ ಬರೆಯುತ್ತೇವೆಂದರೆ, ನಿಮ್ಮ ಭಾಷೆ ಉರ್ದು ಅಲ್ಲವೇ ಎನ್ನುತ್ತಾರೆ. ಉರ್ದುವಿನವರ ಕೂಟದಲ್ಲಿ, ನೀವು ಕನ್ನಡದವರಾಗಿಬಿಟ್ಟಿರಿ ಎನ್ನುತ್ತಾರೆ. ಮರಾಠಿಯಲ್ಲಿ ಮೀನು ಚೌಕಾಶಿ ಮಾಡಿ ಮನೆಗೆ ಬರುವ ನಮ್ಮ ತಾಯಂದಿರು ಈ ಲೆಕ್ಕದಲ್ಲಿ ಯಾರು? ಇಂಥ ಹೊತ್ತಿನಲ್ಲಿ ಲೋಂಡಾದ ಚರಿತ್ರೆ ನಮ್ಮ ನೆರವಿಗೆ ಬರುತ್ತದೆ. ಹಳಿ ಬಂದ ಮೇಲೆ ಬೆಳೆದ ಆ ಪೇಟೆಯಲ್ಲಿ ಪ್ರತಿಯೊಂದು ಮನೆತನವೂ ಯಾವುದೋ ಗಾಡಿಯಿಂದ ಇಳಿದದ್ದು. ಅಲ್ಲಿ ಮೂಲದವರು ಯಾರೆಂದು ಕೇಳುವವನೂ ಹಿಂದಿನ ಗಾಡಿಗೆ ಬಂದವನೇ.

ಇಸ್ಲಾಮಿನಲ್ಲಿ ಪ್ರಯಾಣಿಕನಿಗೆ ಒಂದು ಸ್ಥಾನವಿದೆ. ಜಕಾತಿಗೆ ಹಕ್ಕುಳ್ಳ ಎಂಟು ವರ್ಗಗಳಲ್ಲಿ ಒಂದು ಇಬ್ನುಸ್ಸಬೀಲ್. ಆ ಮಾತಿನ ನೇರ ಅರ್ಥ ದಾರಿಯ ಮಗ. ಊರಲ್ಲಿ ಆಸ್ತಿ ಇದ್ದವನೇ ಆದರೂ ದಾರಿಯಲ್ಲಿ ಕೈ ಬರಿದಾದರೆ ಅವನಿಗೆ ಕೊಡಬೇಕು. ಪ್ರಯಾಣದಲ್ಲಿರುವವನು ನಾಲ್ಕು ರಕಾತಿನ ನಮಾಜನ್ನು ಎರಡಕ್ಕೆ ಇಳಿಸಬಹುದು. ಆದರೆ ಎಷ್ಟು ದಿನದವರೆಗೆ ಅವನು ಮುಸಾಫಿರ? ನಮ್ಮ ಕಡೆ ನಡೆಯುವ ಹನಫಿ ಪದ್ಧತಿಯಲ್ಲಿ ಒಂದು ಊರಿನಲ್ಲಿ ಹದಿನೈದು ದಿನ ಇರುವೆನೆಂದು ಮನಸ್ಸು ಮಾಡಿದವನು ಮುಸಾಫಿರನಾಗಿ ಉಳಿಯುವುದಿಲ್ಲ. ಅವನು ಮುಕೀಮ್, ಅಂದರೆ ಅಲ್ಲಿ ನೆಲೆ ನಿಂತವನು. ಕರಾವಳಿಯ ಶಾಫಿಗಳಲ್ಲಿ ಈ ಲೆಕ್ಕ ನಾಲ್ಕೇ ದಿನ. ಘಟ್ಟದ ಮೇಲಿನ ಹನಫಿಯೂ ಕೆಳಗಿನ ಶಾಫಿಯೂ ಲೋಂಡಾದ ಪ್ಲಾಟ್‌ಫಾರ್ಮಿನಲ್ಲಿ ಕೂತು ಈ ದಿನಗಳ ಬಗ್ಗೆ ವಾದ ಮಾಡಬಹುದು. ಮೂರು ತಲೆಮಾರು ಕಳೆದರೂ ಸಾಲದು ಎಂದು ಇಬ್ಬರಲ್ಲಿ ಯಾರೂ ಹೇಳಲಾರರು.

ಲೋಂಡಾದ ಮುಂದಿನ ಕಥೆ ಕೂಡುದಾರಿಗಳೆಲ್ಲದರ ಕಥೆಯಂತೆಯೇ ಇದೆ. ಡೀಸೆಲ್ ಬಂದಾಗ ಎಂಜಿನ್ನಿನ ಬಾಯಾರಿಕೆ ನಿಂತಿತು. ನೀರು ತುಂಬುವವರ, ಕಲ್ಲಿದ್ದಲು ಹಾಕುವವರ ಕೆಲಸವೂ ನಿಂತಿತು. 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂತು. ಗಾಡಿಗಳು ದೊಡ್ಡವಾದವು, ನಿಲ್ಲುವ ಹೊತ್ತು ಸಣ್ಣದಾಯಿತು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಮುಂಬೈಯಿಂದ ಗೋವೆಗೆ ಹೋಗುವವರಿಗೆ ಈ ಸುತ್ತುದಾರಿ ಬೇಡವಾಯಿತು. 2003ರಲ್ಲಿ ನೈಋತ್ಯ ರೈಲ್ವೆ ಹುಬ್ಬಳ್ಳಿಯಲ್ಲಿ ಕೇಂದ್ರ ಮಾಡಿಕೊಂಡಿತು. ಈಗ ಲೋಂಡಾದ ಮೇಲೆ ಕಲ್ಲಿದ್ದಲು ಹೇರಿದ ಉದ್ದನೆಯ ಗಾಡಿಗಳು ಹಾದುಹೋಗುತ್ತವೆ. ಘಟ್ಟದ ಹಳಿಯನ್ನು ಜೋಡಿಯಾಗಿಸುವ ಯೋಜನೆಗೆ ಗೋವೆಯಲ್ಲಿ ದೊಡ್ಡ ವಿರೋಧ ಎದ್ದಿತು. ಕಾಡಿಗೂ ಕಾಡುಪ್ರಾಣಿಗೂ ಆಗುವ ಹಾನಿಯ ಪ್ರಶ್ನೆ ಬಂದು, ಕ್ಯಾಸಲ್‌ರಾಕ್-ಕುಳೆಂ ಭಾಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಕಾಡು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ದಾರಿ ಅಗಲವಾದರೂ, ಅಗಲವಾಗದಿದ್ದರೂ ದಾರಿಯಂಚಿನವರನ್ನು ಕೇಳಿ ತೀರ್ಮಾನಿಸುವ ಪದ್ಧತಿ ತಗಾಜಾದ ಕಾಲದಲ್ಲೂ ಇರಲಿಲ್ಲ, ಈಗಲೂ ಬಂದಿಲ್ಲ.

ಲೋಂಡಾದ ಪಕ್ಕದಲ್ಲೇ, ಜಿಲ್ಲೆಯ ಗಡಿಯಾಚೆ, ರಾಮನಗರವಿದೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಜನರಿಗಾಗಿ ಮಾಡಿದ ಊರು ಅದು. ದಾರಿ ಹುಡುಕಿ ಬಂದವರ ಊರಿನ ನೆರೆಯಲ್ಲಿ ಮನೆ ಕಳೆದುಕೊಂಡವರ ಊರು. ಗುಲಾಮಗಿರಿಯಿಂದ ಓಡಿಬಂದ ಸಿದ್ದಿ, ಬರಕ್ಕೆ ಬೆದರಿ ಬಂದ ಕೂಲಿ, ವರ್ಗವಾಗಿ ಬಂದ ಗುಮಾಸ್ತ, ಅಣೆಕಟ್ಟಿನ ನೀರು ಅಟ್ಟಿದ ರೈತ ಇವರೆಲ್ಲರನ್ನೂ ಈ ಕಾಡಿನ ಸೆರಗು ಹಿಡಿದುಕೊಂಡಿದೆ. ಅವರ ಹೆಸರುಗಳನ್ನು ಬರೆದಿಡಬೇಕಾದ ಕಾಲ ಇದು. ಹಳೆಯ ಮಸ್ಟರ್ ಪುಸ್ತಕ, ಶಾಲೆಯ ದಾಖಲಾತಿ, ಇಗರ್ಜಿಯ ನಾಮಕರಣದ ವಹಿ, ಮಸೀದಿಯ ನಿಕಾಹಿನ ದಫ್ತರ, ಕಬ್ರಸ್ಥಾನದ ಕಲ್ಲು, ಮುದುಕರ ನೆನಪು ಇವೇ ಇಂಥ ಊರಿನ ತಾಮ್ರಪಟಗಳು. ಹಲಸಿಯ ತಾಮ್ರಪಟವನ್ನು ಓದಲು ಪಂಡಿತರು ಬಂದರು. ಇವನ್ನು ಓದಲು ನಮ್ಮ ಹುಡುಗ ಹುಡುಗಿಯರೇ ಹೋಗಬೇಕು.

ಮುಂದಿನ ಸಲ ಗೇಟು ಬಿದ್ದಾಗ ನಾವು ಗೊಣಗದೆ ನಿಲ್ಲಬಹುದು. ನಮ್ಮ ಅಕ್ಕಪಕ್ಕದಲ್ಲಿ ನಿಂತವರು ಯಾವ ಕಾಲದಲ್ಲಿ, ಯಾವ ಗಾಡಿಯಿಂದ ಇಳಿದವರೋ ಗೊತ್ತಿಲ್ಲ. ಗೇಟು ತೆಗೆದ ಮೇಲೆ ಎಲ್ಲರೂ ಹೋಗುವುದು ಇದೇ ಊರಿನಲ್ಲಿರುವ ತಮ್ಮ ತಮ್ಮ ಮನೆಗೆ.